ಅಮೆರಿಕದಲ್ಲಿ ಕಾಲೇಜು ಸಾಲ: ಎದುರಿಗೆ ಕೂತು ಕೇಳುವುದು ಎಲ್ಲಿ?

ಸಾಲ ಅಂದರೆ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದೆ ಕೂರುವುದು ನಮ್ಮ ಅಭ್ಯಾಸ. ಅಮೆರಿಕದಲ್ಲಿ ಕಾಲೇಜು ಸಾಲಕ್ಕೆ ಆ ದಾರಿ ನಡೆಯುವುದಿಲ್ಲ. ಫೆಡರಲ್ ಸಾಲ, ಅಂದರೆ ಕೇಂದ್ರ ಸರ್ಕಾರದ ಸಾಲ, ಕೊಡುವುದು ಶಿಕ್ಷಣ ಇಲಾಖೆ. ಕಂತಿನ ಲೆಕ್ಕ ನೋಡಿಕೊಳ್ಳುವುದು ನೆಲ್‌ನೆಟ್, ಮೊಹೇಲಾ ತರಹದ ಸರ್ವೀಸರ್ ಕಂಪನಿಗಳು. ಅವರ ಜೊತೆ ವ್ಯವಹಾರವೆಲ್ಲ ಫೋನು ಮತ್ತು ವೆಬ್‌ಸೈಟಿನಲ್ಲೇ. ಮುಖ ನೋಡಿ ಮಾತಾಡಬೇಕು ಅಂದರೆ ಸಾಲ ಕೊಟ್ಟವರನ್ನು ಬಿಟ್ಟು ಓದಿಸುವವರ ಹತ್ತಿರ ಹೋಗಿ.

ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿದ್ದರೆ ಮೊದಲು ಅಲ್ಲಿನ ಕೌನ್ಸೆಲರ್. ಫ್ಯಾಫ್ಸಾ, ಅಂದರೆ ಸರ್ಕಾರದ ಸಾಲ ಮತ್ತು ನೆರವಿಗೆ ಹಾಕುವ ಅರ್ಜಿ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ತೆರೆಯುತ್ತದೆ. ಆಗ ಎಷ್ಟೋ ಶಾಲೆಗಳಲ್ಲಿ, ಕೆಲವು ಲೈಬ್ರರಿಗಳಲ್ಲಿ ಸಂಜೆ ಹೊತ್ತು ಕೂರಿಸಿಕೊಂಡು ಅರ್ಜಿ ತುಂಬಿಸುತ್ತಾರೆ. ದುಡ್ಡು ಕೊಡಬೇಕಿಲ್ಲ. "ನಾವು ಎಚ್-1ಬಿ ವರ್ಕ್ ವೀಸಾದವರು, ನಮಗೆ ಇದೆಲ್ಲ ಇಲ್ಲ" ಅಂತ ಸುಮ್ನೆ ಕೂರಬೇಡಿ. ಮಗು ಇಲ್ಲೇ ಹುಟ್ಟಿ ಅಮೆರಿಕದ ಪ್ರಜೆ ಆಗಿದ್ದರೆ, ಅಪ್ಪ ಅಮ್ಮನ ವೀಸಾ ಯಾವುದಾದರೂ ಅಡ್ಡಿಯಿಲ್ಲ. ಎಚ್-1ಬಿಯವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಅಮ್ಮನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಅರ್ಜಿಗೆ ಬೇಕಾದ ಖಾತೆ ತೆರೆಯಬಹುದು. ಎಚ್-4ರಲ್ಲೇ ಇರುವ ಮಕ್ಕಳಿಗೆ ಮಾತ್ರ ಫೆಡರಲ್ ಸಾಲ ಸಿಗುವುದಿಲ್ಲ.

ಕಾಲೇಜು ಸೇರಿದ ಮೇಲೆ ನಿಮ್ಮ ಮುಖ್ಯ ಬಾಗಿಲು ಫೈನಾನ್ಷಿಯಲ್ ಏಡ್ ಆಫೀಸು. ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ, ಮಗ ಅಥವಾ ಮಗಳನ್ನು ಕರೆದುಕೊಂಡೇ ಹೋಗಿ. ಫೀಸು ಕಟ್ಟುವವರು ನೀವೇ ಆದರೂ, ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಎಷ್ಟೋ ಕಾಲೇಜುಗಳು ಅಪ್ಪ ಅಮ್ಮನ ಜೊತೆ ಬಾಯಿ ಬಿಡುವುದಿಲ್ಲ.

ಅಲ್ಲಿ ಕೇಳಬೇಕಾದ ಎರಡು ಮಾತಿವೆ. ನಮ್ಮವರಲ್ಲಿ ಜಾಸ್ತಿ ಜನ ಎರಡನ್ನೂ ಕೇಳುವುದಿಲ್ಲ. ಫ್ಯಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್ ಲೆಕ್ಕ. ಆಗ ಸಂಬಳ ಚೆನ್ನಾಗಿತ್ತು, ಈಗ ಲೇಆಫ್ ಆಗಿದೆ ಅನ್ನಿ. ಲೇಆಫ್ ಪತ್ರ, ಕೊನೆಯ ಸಂಬಳದ ಚೀಟಿ ಮುಂದಿಟ್ಟು "ಪ್ರೊಫೆಷನಲ್ ಜಡ್ಜ್‌ಮೆಂಟ್ ಬೇಕು" ಅಂತ ಕೇಳಿ. ಲೆಕ್ಕ ಬದಲಿಸುವ ಅಧಿಕಾರ ಆ ಆಫೀಸಿಗೇ ಇದೆ. ಬದಲಿಸಲೇಬೇಕು ಅಂತೇನಿಲ್ಲ, ಆದರೆ ಕೇಳದೆ ಯಾರೂ ಮಾಡಿಕೊಡುವುದಿಲ್ಲ.

ಇನ್ನೊಂದು, ಪೇರೆಂಟ್ ಪ್ಲಸ್ ಸಾಲದ ವಿಷಯ. ಮಕ್ಕಳ ಓದಿಗೆ ಅಪ್ಪ ಅಮ್ಮ ತಮ್ಮ ಹೆಸರಿನಲ್ಲಿ ತಗೊಳ್ಳುವ ಫೆಡರಲ್ ಸಾಲ ಇದು. ವರ್ಕ್ ವೀಸಾದಲ್ಲಿರುವ ಅಪ್ಪ ಅಮ್ಮನಿಗೆ ಇದು ಸಿಗುವುದಿಲ್ಲ. ಆದರೆ ಅದೇ ಕಾರಣ ತೋರಿಸಿ ಮಗುವಿನ ಸ್ವಂತ ಸಾಲದ ಮಿತಿ ಹೆಚ್ಚಿಸಲು ಕೇಳಬಹುದು. ಡಿಗ್ರಿಯ ಮೊದಲ ವರ್ಷಕ್ಕೆ ಮಾಮೂಲಿ ಮಿತಿ 5,500 ಡಾಲರ್. ಆಫೀಸು ಒಪ್ಪಿದರೆ 9,500ರವರೆಗೆ ಹೋಗುತ್ತದೆ. ಇದನ್ನು ಕೌಂಟರಿನಲ್ಲಿ ಕೂತ ವಿದ್ಯಾರ್ಥಿ ಸಹಾಯಕರಿಗೆ ಹೇಳಿದರೆ ಅರ್ಥವಾಗದೆ ಇರಬಹುದು. ಆ ಆಫೀಸಿನ ಕೌನ್ಸೆಲರನ್ನೇ ಕೇಳಿ.

ಕನ್ನಡ ಕೂಟದಲ್ಲೂ ಸಲಹೆಗೆ ಬರವಿಲ್ಲ, ಅಲ್ವಾ? ಯಾವ ಕಾಲೇಜಿನ ಆಫೀಸು ತಾಳ್ಮೆಯಿಂದ ಕೇಳುತ್ತದೆ ಅಂತ ಅಲ್ಲಿ ವಿಚಾರಿಸಿ, ಉಪಯೋಗ ಆಗುತ್ತದೆ. ನಿಯಮ ಮಾತ್ರ ಕೇಳಬೇಡಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳುವವರಿಗೆ ಗ್ರ್ಯಾಡ್ ಪ್ಲಸ್, ಅಂದರೆ ಡಿಗ್ರಿ ಆದ ಮೇಲಿನ ಓದಿಗೆ ಕೊಡುತ್ತಿದ್ದ ಫೆಡರಲ್ ಸಾಲ, ಇಲ್ಲ. ಪೇರೆಂಟ್ ಪ್ಲಸ್‌ಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ. ಅದಕ್ಕೆ ಮುಂಚೆ ಮಕ್ಕಳನ್ನು ಓದಿಸಿದವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಫೆಡರಲ್ ಸಾಲ ಇಲ್ಲ. ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋಗಿ, ಸಾಲಕ್ಕಿಂತ ಮೊದಲು, ಕಾಲೇಜಿನಲ್ಲೇ ಪಾಠಕ್ಕೋ ಸಂಶೋಧನೆಗೋ ನೆರವಾಗಿ ಸಂಬಳ ಪಡೆಯುವ ಅಸಿಸ್ಟೆಂಟ್‌ಶಿಪ್ ವಿಚಾರಿಸಿ. ಪ್ರೈವೇಟ್ ಸಾಲಕ್ಕೆ ಕೋಸೈನರ್ ಬೇಕು ಅಂತ ದೂರದ ಸಂಬಂಧಿಕರನ್ನು ಹಿಡಿಯುವವರಿದ್ದಾರೆ. ಕೋಸೈನ್ ಅನ್ನುವುದು ಶಿಫಾರಸು ಪತ್ರ ಅಲ್ಲ. ಹುಡುಗ ಕಟ್ಟದಿದ್ದರೆ ಸಹಿ ಹಾಕಿದವರೇ ಕಟ್ಟಬೇಕು. ದಾಕ್ಷಿಣ್ಯಕ್ಕೆ ಬಿದ್ದು ಸಹಿ ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ.

ಓದು ಮುಗಿದು ಕಂತು ಶುರುವಾದ ಮೇಲೆ ತೊಂದರೆ ಬಂದರೆ? ನ್ಯೂಯಾರ್ಕಿನಲ್ಲಿ ಎಡ್‌ಕ್ಯಾಪ್ ಅನ್ನುವ ಉಚಿತ ಸಲಹಾ ಕಾರ್ಯಕ್ರಮ ಇದೆ. ಬೇರೆ ಕಡೆ ಲಾಭಕ್ಕಲ್ಲದೆ ನಡೆಯುವ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳಿವೆ, ಕೆಲವು ಎದುರಿಗೇ ಕೂರಿಸಿಕೊಂಡು ಲೆಕ್ಕ ನೋಡುತ್ತವೆ. ಸರ್ವೀಸರ್ ಎಷ್ಟು ಸಲ ಹೇಳಿದರೂ ತಪ್ಪು ಸರಿಮಾಡುತ್ತಿಲ್ಲ ಅಂದರೆ ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಗೆ ಹೋಗಿ. ಅಲ್ಲಿ ಕೇಸ್‌ವರ್ಕರ್ ಇರುತ್ತಾರೆ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ನಿಮ್ಮ ಪರವಾಗಿ ಶಿಕ್ಷಣ ಇಲಾಖೆಗೆ ಬರೆಯುತ್ತಾರೆ. ಯಾವ ದಿನ ಯಾರ ಜೊತೆ ಮಾತಾಡಿದಿರಿ ಅಂತ ಬರೆದಿಟ್ಟುಕೊಂಡಿದ್ದರೆ ಅದನ್ನೂ, ಸರ್ವೀಸರ್ ಕಳಿಸಿದ ಪತ್ರಗಳನ್ನೂ ತಗೊಂಡು ಹೋಗಿ.

ಫೋನ್ ಮಾಡಿ "ಸಾಲ ಮನ್ನಾ ಮಾಡಿಸಿಕೊಡುತ್ತೇವೆ, ಮೊದಲು ಫೀಸು ಕೊಡಿ, ಪಾಸ್‌ವರ್ಡ್ ಹೇಳಿ" ಅನ್ನುವವರು ಇಲ್ಲೂ ಇದ್ದಾರೆ. ಮಾತು ಬೆಳೆಸದೆ ಫೋನ್ ಇಟ್ಟುಬಿಡಿ.