ಯಾರಿಗೆ ಎಷ್ಟು ತೂಕ ಸರಿ: ಲೆಕ್ಕ ಹಾಕುತ್ತಾ ನಾನು ಕಲಿತದ್ದು

ಆಹಾರ ತಜ್ಞೆಯಾಗಿ ಕೆಲಸಕ್ಕೆ ಸೇರಿದಾಗ ನನ್ನ ಕೋಣೆಯ ಗೋಡೆಯ ಮೇಲೆ ಎತ್ತರಕ್ಕೆ ತಕ್ಕ ತೂಕದ ಒಂದು ಪಟ್ಟಿ ತೂಗುಹಾಕಿತ್ತು. ಬಂದವರನ್ನು ಅಳೆದು, ತೂಗಿ, ಪಟ್ಟಿಯ ಮೇಲೆ ಬೆರಳಿಟ್ಟು, ಇಷ್ಟು ಕೆಜಿ ಇಳಿಸಬೇಕು ಎಂದು ಹೇಳಿ ಕಳಿಸುವುದು ಐದು ನಿಮಿಷದ ಕೆಲಸವಾಗಿತ್ತು. ಆ ಪಟ್ಟಿಯನ್ನು ನಾನು ಗೋಡೆಯಿಂದ ಇಳಿಸಿದ್ದು 68 ವರ್ಷದ ಒಬ್ಬ ಹೆಂಗಸಿನ ದೆಸೆಯಿಂದ. ಮೊದಲ ಸಲ ಬಂದಾಗ ಅವರ ತೂಕ 74 ಕೆಜಿ ಇತ್ತು, ಆರು ತಿಂಗಳ ನಂತರ 66ಕ್ಕೆ ಇಳಿದಿತ್ತು. ನಾನು ಸಂತೋಷಪಟ್ಟು, 'ಉತ್ತಮ ಪ್ರಗತಿ' ಎಂದು ಕಡತದಲ್ಲಿ ಬರೆದೆ. "ನಾನೇನೂ ವಿಶೇಷ ಮಾಡಲಿಲ್ಲ ಮೇಡಂ, ಯಾಕೋ ಹಸಿವೇ ಆಗುತ್ತಿಲ್ಲ" ಎಂದು ಅವರು ಹೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬ ವೈದ್ಯರು ಅವರ ಕರುಳಿನಲ್ಲಿದ್ದ ಗಡ್ಡೆಯನ್ನು ಪತ್ತೆಹಚ್ಚಿದರು. ನನ್ನ ಪಟ್ಟಿಯ ಪ್ರಕಾರ ಅವರ ತೂಕ ಸರಿಹೋಗುತ್ತಿದ್ದಷ್ಟು ಕಾಲವೂ ಅವರ ಕಾಯಿಲೆ ಬೆಳೆಯುತ್ತಲೇ ಇತ್ತು.

ಆಮೇಲೆ ನಾನು ತೂಕದ ಯಂತ್ರದ ಮೇಲೆ ಹತ್ತಿಸುವ ಮೊದಲು ಕೇಳುವುದನ್ನು ರೂಢಿಸಿಕೊಂಡೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಎಷ್ಟಿದ್ದಿರಿ, ಈವರೆಗೆ ಅತಿ ಹೆಚ್ಚು ಎಷ್ಟಾಗಿತ್ತು, ಕಳೆದ ವರ್ಷ ಈ ಹೊತ್ತಿಗೆ ಎಷ್ಟಿತ್ತು ಎಂದು ಕೇಳುತ್ತೇನೆ. ತೂಕ ನೆನಪಿಲ್ಲದವರಿಗೂ ಬೆಲ್ಟಿನ ತೂತು ನೆನಪಿರುತ್ತದೆ, ಬಿಗಿಯಾದ ಅಥವಾ ಸಡಿಲವಾದ ಬಟ್ಟೆ ನೆನಪಿರುತ್ತದೆ. ಪ್ರಯತ್ನವಿಲ್ಲದೆಯೇ ಆರರಿಂದ ಹನ್ನೆರಡು ತಿಂಗಳೊಳಗೆ ದೇಹದ ತೂಕದ ಶೇಕಡಾ 5ಕ್ಕಿಂತ ಹೆಚ್ಚು ಇಳಿದಿದ್ದರೆ, ಆ ವ್ಯಕ್ತಿ ನೋಡಲು ಎಷ್ಟೇ ದಪ್ಪಗಿರಲಿ, ನನ್ನ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ ಮೊದಲು ವೈದ್ಯರ ಬಳಿಗೆ ಕಳಿಸುತ್ತೇನೆ.

ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಎಂಬ ಸೂಚ್ಯಂಕವನ್ನು ನಾನು ಬಿಟ್ಟಿಲ್ಲ. ಅದು ಹುಟ್ಟಿದ ಬಗೆಯನ್ನು ತಿಳಿದುಕೊಂಡ ಮೇಲೆ ಅದರಿಂದ ಅತಿಯಾಗಿ ನಿರೀಕ್ಷಿಸುವುದನ್ನು ಮಾತ್ರ ಬಿಟ್ಟೆ. ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕದ ಮೂಲ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನ ಕ್ವೆಟ್ಲೆ ಅವರದು. ಅವರು ವೈದ್ಯರಲ್ಲ, ಗಣಿತ ಮತ್ತು ಖಗೋಳದ ವಿದ್ವಾಂಸರು; ಜನಸಮುದಾಯದ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂಬುದು ಅವರ ಕುತೂಹಲವಾಗಿತ್ತೇ ಹೊರತು ಎದುರಿಗೆ ಕುಳಿತ ಒಬ್ಬರ ಆರೋಗ್ಯವಲ್ಲ. ಅದಕ್ಕೆ ಇಂದಿನ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರಿಂದ. ಎತ್ತರ 170 ಸೆಂ.ಮೀ. ಇರುವವರಿಗೆ ಸಾಮಾನ್ಯವೆಂದು ಎಣಿಸುವ 18.5ರಿಂದ 25ರವರೆಗಿನ ಬಿಎಂಐ ಎಂದರೆ ಸುಮಾರು 53.5ರಿಂದ 72 ಕೆಜಿ. ಹದಿನೆಂಟು ಕೆಜಿಗೂ ಮೀರಿದ ಈ ಹರವಿನಲ್ಲಿ ಒಬ್ಬರು ಎಲ್ಲಿರಬೇಕು ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ. ಅದನ್ನು ಹುಡುಕುವುದೇ ನನ್ನ ನಿಜವಾದ ಕೆಲಸವಾಯಿತು.

ಮೊದಲ ಸುಳಿವು ವಂಶಮೂಲದಿಂದ ಸಿಗುತ್ತದೆ. ಒಂದೇ ಬಿಎಂಐ ಇದ್ದರೂ ಏಷ್ಯಾ ಮೂಲದ ಅನೇಕರಲ್ಲಿ ಯುರೋಪ್ ಮೂಲದವರಿಗಿಂತ ಕೊಬ್ಬಿನ ಪಾಲು ಹೆಚ್ಚಿರುತ್ತದೆ, ಮಧುಮೇಹವೂ ಬೇಗ ಕಾಣಿಸಿಕೊಳ್ಳುತ್ತದೆ. ಹೀಗಾಗಿಯೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆಯು, 25 (ಅಧಿಕ ತೂಕ) ಮತ್ತು 30ರ (ಸ್ಥೂಲಕಾಯ) ಅಂತರರಾಷ್ಟ್ರೀಯ ಗಡಿಗಳನ್ನು ಹಾಗೆಯೇ ಉಳಿಸಿ, ಏಷ್ಯಾದ ಜನರ ಮಟ್ಟಿಗೆ 23 ಮತ್ತು 27.5ರಲ್ಲಿಯೇ ಎಚ್ಚರವಹಿಸಲು ಸೂಚಿಸಿತು.

ಎರಡನೆಯ ಸುಳಿವು ಟೇಪಿನಿಂದ ಸಿಗುತ್ತದೆ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಒಂದೇ ವಾರದಲ್ಲಿ ನನ್ನ ಬಳಿಗೆ ಬಂದ ಇಬ್ಬರು ಗಂಡಸರೂ 168 ಸೆಂ.ಮೀ. ಎತ್ತರ, 70 ಕೆಜಿ ತೂಕದವರು. ಇಬ್ಬರ ಬಿಎಂಐಯೂ 24.8. ಒಬ್ಬರ ಸೊಂಟದ ಸುತ್ತಳತೆ 82 ಸೆಂ.ಮೀ., ಭಾರ ಎತ್ತುವ ದುಡಿಮೆಯಿಂದ ಬಲಿತ ಹೆಗಲು, ತೊಡೆ. ಇನ್ನೊಬ್ಬರದು 98 ಸೆಂ.ಮೀ., ಸಣಕಲು ಕೈಕಾಲು, ರಕ್ತದಲ್ಲಿ ಆಗಲೇ ಏರಿದ ಸಕ್ಕರೆ. ಗೋಡೆಯ ಪಟ್ಟಿ ಇವರಿಬ್ಬರಿಗೂ ಒಂದೇ ಮಾತು ಹೇಳುತ್ತಿತ್ತು. ಸುತ್ತಳತೆಯು ಎತ್ತರದ ಅರ್ಧವನ್ನು ಮೀರಬಾರದು ಎಂಬ ಸರಳ ಲೆಕ್ಕವನ್ನು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಆದರೆ ಟೇಪು ಹಿಡಿಯುವ ಜಾಗ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಹೊತ್ತಿನಲ್ಲಿ ಅಳೆಯಬೇಕು. ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆದು ನೆಮ್ಮದಿಯಾಗಿರುವವರು ಬಹಳ ಮಂದಿ. ಟೇಪು ಕಂಡ ಕೂಡಲೇ ಹೊಟ್ಟೆಯನ್ನು ಒಳಗೆಳೆದುಕೊಳ್ಳದವರನ್ನಂತೂ ನಾನು ಕಂಡಿದ್ದು ಕಡಿಮೆ.

ಯಂತ್ರ ತೋರಿಸುವ ಸಂಖ್ಯೆಯನ್ನೇ ನಂಬಬಾರದ ಸಂದರ್ಭಗಳೂ ಇವೆ. ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿಂದ ಕಾಲು ಬಾತು ಹೊಟ್ಟೆಯಲ್ಲಿ ನೀರು ತುಂಬಿದವರ ತೂಕದಲ್ಲಿ ಹಲವು ಕೆಜಿ ಬರೀ ನೀರೇ ಇರಬಹುದು; ಒಳಗೆ ಸ್ನಾಯು ಕರಗುತ್ತಿದ್ದರೂ ಅಂಥವರ ತೂಕ ಏರುತ್ತಲೇ ಇರುತ್ತದೆ. ಮೊಣಕಾಲಿನ ಕೆಳಗೆ ಒಂದು ಕಾಲನ್ನು ಕಳೆದುಕೊಂಡವರಲ್ಲಿ ದೇಹದ ಸುಮಾರು ಶೇಕಡಾ 6ರಷ್ಟು ಭಾಗವೇ ಇಲ್ಲವಾದ್ದರಿಂದ, 62 ಕೆಜಿ ತೂಗಿದರೆ ನಾನು ಅದನ್ನು 0.94ರಿಂದ ಭಾಗಿಸಿ 66 ಎಂದು ಹಿಡಿದು ಲೆಕ್ಕ ಹಾಕುತ್ತೇನೆ. ವೃದ್ಧರಲ್ಲಿ ಮೋಸಮಾಡುವುದು ಎತ್ತರ. ಬೆನ್ನು ಬಾಗಿ 155ರಿಂದ 148 ಸೆಂ.ಮೀ.ಗೆ ಕುಗ್ಗಿದ, 50 ಕೆಜಿ ತೂಗುವ ಒಬ್ಬ ಅಜ್ಜಿಯ ಬಿಎಂಐ ಈಗಿನ ಎತ್ತರದ ಲೆಕ್ಕದಲ್ಲಿ 22.8, ಹಿಂದಿನ ಎತ್ತರದ ಲೆಕ್ಕದಲ್ಲಿ 20.8. ಮೊದಲನೆಯದನ್ನು ನೋಡಿ ನಿಶ್ಚಿಂತರಾಗುವವರು ಎರಡನೆಯದನ್ನು ನೋಡಿದರೆ ಅವರ ಊಟದ ಬಗ್ಗೆ ವಿಚಾರಿಸುತ್ತಾರೆ. ಎಪ್ಪತ್ತು ದಾಟಿದವರ ವಿಷಯದಲ್ಲಿ ತೆಳ್ಳಗಿರುವುದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಆದ್ದರಿಂದ ಕೈ ಊರದೆ ಕುರ್ಚಿಯಿಂದ ಏಳಬಲ್ಲರೇ ಎಂದು ನೋಡುತ್ತೇನೆ. ಸ್ವಲ್ಪ ಮೈತುಂಬಿಕೊಂಡಿದ್ದು ಸಲೀಸಾಗಿ ಎದ್ದು ನಡೆಯುವವರಿಗೆ ಇಳಿಸಿ ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ.

ಬೆಳೆಯುವ ಮಕ್ಕಳಿಗೆ ವಯಸ್ಕರ ಈ ಗಡಿಗಳು ಹೊಂದುವುದೇ ಇಲ್ಲ. ಅವರಿಗೆ ವಯಸ್ಸಿನ ಪ್ರಕಾರದ ಬೆಳವಣಿಗೆಯ ರೇಖೆಗಳಿವೆ, ಮಗು ತನ್ನ ರೇಖೆಯ ಜೊತೆಜೊತೆಗೇ ಸಾಗುತ್ತಿದೆಯೇ ಎಂಬುದನ್ನು ಗಮನಿಸಬೇಕು. ಗರ್ಭಿಣಿಯರಿಗೆ ಲೆಕ್ಕ ಆರಂಭದ ತೂಕದಿಂದಲೇ ಶುರುವಾಗುತ್ತದೆ: ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಮೊದಲು ತೀರಾ ತೆಳ್ಳಗಿದ್ದವರು 12.5ರಿಂದ 18 ಕೆಜಿ, ಸ್ಥೂಲಕಾಯದವರು 5ರಿಂದ 9 ಕೆಜಿ ಹೆಚ್ಚುವುದು ತಕ್ಕುದು.

ಇಳಿಸಬೇಕಾದವರಿಗೆ ನಾನೀಗ 'ಆದರ್ಶ ತೂಕ'ವನ್ನು ಹೇಳುವುದಿಲ್ಲ. 95 ಕೆಜಿ ಇರುವವರಿಗೆ 65 ಎಂದು ಬರೆದುಕೊಟ್ಟರೆ ಅವರು ಮತ್ತೆ ಬರುವುದೇ ಇಲ್ಲ ಎಂಬುದನ್ನು ಕಂಡಿದ್ದೇನೆ. ಈಗಿನ ತೂಕದ ಶೇಕಡಾ 5ರಿಂದ 10, ಅಂದರೆ ಅಂಥವರಿಗೆ ಸುಮಾರು ಐದರಿಂದ ಒಂಬತ್ತೂವರೆ ಕೆಜಿ ಇಳಿದರೂ ರಕ್ತದೊತ್ತಡ, ಸಕ್ಕರೆ, ಮೊಣಕಾಲಿನ ನೋವು ಮೂರರಲ್ಲೂ ಸುಧಾರಣೆ ಕಾಣಬಹುದು. ಇತ್ತೀಚೆಗಷ್ಟೇ ಟೈಪ್ 2 ಮಧುಮೇಹ ಬಂದವರ ಬಳಿ ಮಾತ್ರ ಇನ್ನೂ ಹೆಚ್ಚನ್ನು ಕೇಳುತ್ತೇನೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ 15 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಬಹುಪಾಲು ಜನರ ರಕ್ತದ ಸಕ್ಕರೆ ಒಂದು ವರ್ಷದ ಹೊತ್ತಿಗೆ ಔಷಧಿಯಿಲ್ಲದೆಯೇ ಮಧುಮೇಹದ ಗಡಿಗಿಂತ ಕೆಳಗಿನ ಮಟ್ಟಕ್ಕೆ ಮರಳಿತ್ತು.

ನನಗೆ ಇಂದಿಗೂ ಕಷ್ಟವೆನಿಸುವುದು ಇಳಿಸಿ ಏರಿಸಿ ಸೋತವರ ಲೆಕ್ಕ. ಮೂರು ಸಲ ಇಪ್ಪತ್ತು ಇಪ್ಪತ್ತು ಕೆಜಿ ಇಳಿಸಿ, ಮೂರು ಸಲವೂ ಅದನ್ನೆಲ್ಲ ಮರಳಿ ಪಡೆದ ಒಬ್ಬ ಶಿಕ್ಷಕಿ ಬಿಎಂಐ 32ರಲ್ಲಿ ನನ್ನೆದುರು ಕುಳಿತಿದ್ದರು. ರಕ್ತದೊತ್ತಡ, ಸಕ್ಕರೆ, ಕೊಬ್ಬಿನಾಂಶ ಎಲ್ಲವೂ ಮಿತಿಯೊಳಗಿದ್ದವು, ದಿನವೂ ಒಂದು ಗಂಟೆ ನಡೆಯುತ್ತಿದ್ದರು. ಬಹಳ ಹೊತ್ತು ಯೋಚಿಸಿ ಅವರ ಕಡತದಲ್ಲಿ ಗುರಿಯ ಜಾಗದಲ್ಲಿ '84 ಕೆಜಿ ದಾಟದಂತೆ' ಎಂದು ಬರೆದೆ. ಅಂದು ಅವರ ತೂಕ 83 ಇತ್ತು. ಆರು ತಿಂಗಳಿಗೊಮ್ಮೆ ಸುತ್ತಳತೆ ಮತ್ತು ರಕ್ತ ಪರೀಕ್ಷೆ ಎಂದು ಮಾತಾಯಿತು. ಎರಡು ವರ್ಷವಾಯಿತು, ಕಳೆದ ತಿಂಗಳು ಬಂದಾಗ 82 ಇತ್ತು.