ಯಾವ ಕೆಲಸಕ್ಕೆ ಮೌಸ್, ಯಾವುದಕ್ಕೆ ಕಮಾಂಡ್ ಲೈನ್

ನೋಡಿ ಆರಿಸಬೇಕಾದ ಕೆಲಸಕ್ಕೆ ಮೌಸೇ ಸರಿ. ನೂರು ಫೋಟೋಗಳಲ್ಲಿ ಚೆನ್ನಾಗಿ ಬಂದ ಹತ್ತನ್ನು ಬೇರೆ ಮಾಡಲು ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ಹಿಡಿದು ಕೂರುವುದು ಸುಮ್ಮನೆ ಶ್ರಮ. ಆ ನೂರೂ ಫೈಲುಗಳಿಗೆ ಒಂದೇ ಬದಲಾವಣೆ ಆಗಬೇಕಿದ್ದರೆ ಮಾತ್ರ ಅದನ್ನು ತೆರೆಯಿರಿ.

ವಿಂಡೋಸ್‌ನಲ್ಲಿ ಹೀಗೆ ಮಾಡಿ: ಫೋಲ್ಡರ್ ತೆರೆದು, ಮೇಲಿನ ಅಡ್ರೆಸ್ ಬಾರ್‌ನಲ್ಲಿರುವುದನ್ನು ಅಳಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಮಾಂಡ್ ಪ್ರಾಂಪ್ಟ್ ಆ ಫೋಲ್ಡರಿನಲ್ಲೇ ತೆರೆದುಕೊಳ್ಳುತ್ತದೆ. ವಿಂಡೋಸ್ 11ರ ರೈಟ್ ಕ್ಲಿಕ್ ಮೆನುವಿನಲ್ಲಿರುವ ಟರ್ಮಿನಲ್ ಸಾಮಾನ್ಯವಾಗಿ ಪವರ್‌ಶೆಲ್ ಎಂಬ ಬೇರೆ ಕಮಾಂಡ್ ಲೈನ್ ತೆರೆಯುತ್ತದೆ; ಕೆಳಗಿನ ರೀನೇಮ್ ಸಾಲು ಅಲ್ಲಿ ನಡೆಯುವುದಿಲ್ಲ.

ಮೊದಲು ಫೈಲುಗಳ ಪಟ್ಟಿ ಮಾಡಿ ನೋಡಿ, ಇದರಿಂದ ಫೋಲ್ಡರಿನ ಫೈಲುಗಳಿಗೆ ಏನೂ ಆಗುವುದಿಲ್ಲ:

ಡಿಐಆರ್ /ಬಿ > ಲಿಸ್ಟ್.ಟಿಎಕ್ಸ್‌ಟಿ

(ಇದನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಪಟ್ಟಿಯಲ್ಲಿ ಲಿಸ್ಟ್ ಫೈಲಿನ ಹೆಸರೂ ಇರುತ್ತದೆ, ಯಾಕೆಂದರೆ ಡಿಐಆರ್ ಓಡುವ ಮುನ್ನವೇ ಆ ಫೈಲು ಹುಟ್ಟಿರುತ್ತದೆ. ಕನ್ನಡದ ಫೈಲ್ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಸಿಎಚ್‌ಸಿಪಿ 65001 ಎಂದು ಕೊಟ್ಟು, ಅದೇ ಸಾಲನ್ನು ಮತ್ತೆ ಓಡಿಸಿ. ಹಳೆಯ ಕೋಡ್ ಪೇಜ್‌ನಲ್ಲಿ, ಅಂದರೆ ಅಕ್ಷರಗಳ ಸಂಕೇತಪಟ್ಟಿಯಲ್ಲಿ, ಕನ್ನಡ ಅಕ್ಷರಗಳಿಲ್ಲ. 65001 ಎಂದರೆ ಯುಟಿಎಫ್-8, ಕನ್ನಡವೂ ಇರುವ ಸಂಕೇತಪಟ್ಟಿ.

ಎಲ್ಲ ಜೆಪಿಇಜಿ ಫೈಲುಗಳ ಎಕ್ಸ್‌ಟೆನ್ಶನ್ (ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರದ ಭಾಗ) ಬದಲಿಸಲು:

ಆರ್‌ಇಎನ್ *.ಜೆಪಿಇಜಿ *.ಜೆಪಿಜಿ

ಇದರಿಂದ ಬದಲಾಗುವುದು ಹೆಸರು ಮಾತ್ರ. ಪಿಎನ್‌ಜಿ ಫೈಲಿಗೆ ಜೆಪಿಜಿ ಎಂದು ಹೆಸರಿಟ್ಟರೂ ಒಳಗಿರುವುದು ಪಿಎನ್‌ಜಿಯೇ. ಹೊಸ ಹೆಸರಿನ ಫೈಲು ಮೊದಲೇ ಇದ್ದರೆ ದೋಷದ ಸಂದೇಶ ಬರುತ್ತದೆ, ಹಳೆಯ ಫೈಲು ಅಳಿಯುವುದಿಲ್ಲ. ಆದರೆ ಎಕ್ಸ್‌ಪ್ಲೋರರ್‌ನಲ್ಲಿ ಕಂಟ್ರೋಲ್-ಝಡ್ ಒತ್ತಿ ರೀನೇಮ್ ಹಿಂದಕ್ಕೆ ಪಡೆದಂತೆ ಇಲ್ಲಿ ಪಡೆಯಲಾಗದು. ಆದ್ದರಿಂದ ಫೋಲ್ಡರಿನ ಒಂದು ನಕಲು ಮಾಡಿಕೊಂಡೇ ಶುರು ಮಾಡಿ.

ಅಳಿಸುವಾಗಂತೂ ದಯವಿಟ್ಟು ಅವಸರ ಬೇಡ. ಡಿಇಎಲ್ ಎಂಬ ಆದೇಶ ಕೊಟ್ಟು ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗುವುದೇ ಇಲ್ಲ. ಉದಾಹರಣೆಗೆ ಟಿಎಂಪಿ ಎಂಬ ತಾತ್ಕಾಲಿಕ ಫೈಲುಗಳನ್ನು ಅಳಿಸಬೇಕಿದ್ದರೆ, ಮೊದಲು ಡಿಐಆರ್ *.ಟಿಎಂಪಿ ಎಂದು ಕೊಟ್ಟು, ಬಂದ ಪಟ್ಟಿಯನ್ನು ಪೂರ್ತಿ ಓದಿ. ಅದರಲ್ಲಿ ಬೇಕಾದ್ದು ಯಾವುದೂ ಇಲ್ಲವೆಂದು ಖಚಿತವಾದ ಮೇಲೆ ಅಪ್ ಆ್ಯರೋ ಕೀಲಿ ಒತ್ತಿ, ಅದೇ ಸಾಲಿನಲ್ಲಿ ಡಿಐಆರ್ ಇದ್ದಲ್ಲಿ ಡಿಇಎಲ್ ಹಾಕಿ. ಸಾಲನ್ನು ಹೊಸದಾಗಿ ಟೈಪ್ ಮಾಡಬೇಡಿ, ನಕ್ಷತ್ರದ ನಂತರ ಒಂದು ಸ್ಪೇಸ್ ತಪ್ಪಿ ಬಿದ್ದರೂ ನಕ್ಷತ್ರ ಎಲ್ಲ ಫೈಲುಗಳಿಗೂ ಅನ್ವಯಿಸುತ್ತದೆ. ಹೆಸರಿನ ನಡುವೆಯೇ ಸ್ಪೇಸ್ ಇರುವ ಫೈಲಾದರೆ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಿ. ಮೊದಲ ಕೆಲವು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಆ ಚಿಹ್ನೆಗಳು ತಾವಾಗಿಯೇ ಬರುತ್ತವೆ.