ಪ್ರವಾಸದ ಕಿರ್ದಿ, ನೆನಪಿನ ಖತಾವಣಿ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಉದ್ಯೋಗ. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಕ್ವಿಂಟಲ್ ಹೊರಟಿತು, ಹಮಾಲಿ ಎಷ್ಟು ಕೊಟ್ಟೆವು ಎಂಬುದನ್ನು 22 ವರ್ಷಗಳಿಂದ ಬರೆಯುತ್ತಿದ್ದೇನೆ. ಪ್ರವಾಸದ ನೆನಪುಗಳನ್ನು ಕಾಪಾಡುವ ಬಗೆಗೂ ಈ ಕೆಲಸಕ್ಕೂ ಸಂಬಂಧವಿರಬಹುದೆಂದು 2016ರವರೆಗೆ ನನಗೆ ಹೊಳೆದಿರಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಆಗ ಆರು ವರ್ಷದವಳಾಗಿದ್ದ ಮಗಳು ಬೀದರಿಗೆ ಹೋಗಿದ್ದೆವು. ಕಲಬುರಗಿ–ಬೀದರ್ ರೈಲು ಮಾರ್ಗ ಆರಂಭವಾದದ್ದು 2017ರ ಅಕ್ಟೋಬರಿನಲ್ಲಿ. ಹೀಗಾಗಿ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಬಸ್ಸಿನಲ್ಲೇ ಪ್ರಯಾಣ. ಎರಡು ದಿನಗಳಲ್ಲಿ ಆರುನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಮರಳಿ ಬಂದ ಮೇಲೆ ಅವುಗಳನ್ನು ಕಂಪ್ಯೂಟರಿಗೆ ಹಾಕುವುದನ್ನು ಇಂದು ನಾಳೆ ಎಂದು ಮುಂದೂಡುತ್ತ ಹೋದೆ. ಒಂದು ದಿನ ಮೆಮೊರಿ ಕಾರ್ಡು ತೆರೆಯದಾಯಿತು. ರಿಪೇರಿ ಅಂಗಡಿಯವರು ಎರಡು ವಾರ ಇಟ್ಟುಕೊಂಡು, ‘ಏನೂ ಉಳಿದಿಲ್ಲರಿ’ ಎಂದು ಕಾರ್ಡನ್ನು ಮರಳಿಸಿದರು. ತಪ್ಪು ನನ್ನದೇ ಆಗಿತ್ತು.

ಕೆಲವು ತಿಂಗಳ ಬಳಿಕ ಹಳೆಯ ಡೈರಿಯೊಂದರಲ್ಲಿ ಆ ಪ್ರವಾಸದ ಖರ್ಚಿನ ಚೀಟಿ ಸಿಕ್ಕಿತು. ಲೆಕ್ಕ ಬರೆಯುವವನಿಗೆ ಊರು ಬಿಟ್ಟರೂ ಚಟ ಬಿಡುವುದಿಲ್ಲ. ಬಸ್ಸಿನಲ್ಲಿ ಕುಳಿತೇ ಬರೆದಿದ್ದೆ. ‘ಕಮಲಾಪುರ, ಕೆಂಪು ಬಾಳೆ, 6’ ಎಂಬ ಮೊದಲ ಸಾಲನ್ನು ಓದುತ್ತಿದ್ದಂತೆ, ಬಸ್ಸಿನ ಕಿಟಕಿಗೆ ಬುಟ್ಟಿ ಎತ್ತಿ ತೋರಿಸಿದ ಮುದುಕಿಯೂ, ಕೆಂಪು ಸಿಪ್ಪೆಯನ್ನು ಕಂಡು ಇದು ಕೆಟ್ಟಿರಬೇಕೆಂದು ಮಗಳು ಹಟ ಹಿಡಿದದ್ದೂ ಒಮ್ಮೆಲೇ ಕಣ್ಣ ಮುಂದೆ ಬಂದವು. ‘ಹವಾಯಿ ಚಪ್ಪಲಿ, 1 ಜೊತೆ’ ಎಂಬ ಸಾಲು, ಕೋಟೆಯಲ್ಲಿ ಅವಳ ಚಪ್ಪಲಿಯ ಬಾರು ಕಿತ್ತುಹೋಗಿ, ರಂಗೀನ್ ಮಹಲಿನಿಂದ ಚೌಬಾರಾದವರೆಗೆ ಅವಳನ್ನು ಹೆಗಲ ಮೇಲೆ ಹೊತ್ತು ನಡೆದದ್ದನ್ನು ತಂದುಕೊಟ್ಟಿತು. ಎಲ್ಲಕ್ಕಿಂತ ವಿಚಿತ್ರವೆಂದರೆ ಎರಡನೆಯ ದಿನದ ಮಧ್ಯಾಹ್ನಕ್ಕೆ ಖರ್ಚೇ ಇರಲಿಲ್ಲ. ಮೂರು ಮಂದಿ ಊಟವಿಲ್ಲದೆ ಹೇಗಿದ್ದೆವು ಎಂದು ಬಹಳ ಹೊತ್ತು ಯೋಚಿಸಿದ ಮೇಲೆ ಗುರುದ್ವಾರ ನಾನಕ್ ಝೀರಾದ ಲಂಗರ್ ನೆನಪಾಯಿತು. ಅಲ್ಲಿ ಸಾಲಾಗಿ ಕುಳಿತು ಉಂಡಿದ್ದೆವು. ದುಡ್ಡು ಕೊಡುವ ಮಾತೇ ಇರಲಿಲ್ಲ. ಆರುನೂರು ಫೋಟೊಗಳಲ್ಲಿ ಬಾಳೆಹಣ್ಣಿನ ಮುದುಕಿಯದು ಒಂದೂ ಇರಲಿಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ. ನೋಡಲು ಚೆಂದವಾದುದನ್ನು ನಾವು ಫೋಟೊ ತೆಗೆಯುತ್ತೇವೆ. ಖರ್ಚಿನ ಚೀಟಿ ಮಾತ್ರ ನಡೆದುದನ್ನು ನಡೆದ ಕ್ರಮದಲ್ಲೇ ಹಿಡಿದಿಡುತ್ತದೆ.

ಅಂದಿನಿಂದ ನಾನು ಪ್ರವಾಸಕ್ಕೂ ಎರಡು ಪುಸ್ತಕಗಳ ಪದ್ಧತಿಯನ್ನು ಅನುಸರಿಸುತ್ತಿದ್ದೇನೆ. ಮಿಲ್ಲಿನಲ್ಲಿ ದಿನದ ವ್ಯವಹಾರವನ್ನು ಆದ ಹಾಗೆಯೇ ಬರೆದುಕೊಳ್ಳುವುದು ಕಿರ್ದಿ. ಆಮೇಲೆ ಅದೇ ನಮೂದುಗಳನ್ನು ಎತ್ತಿ ಆಯಾ ವ್ಯಾಪಾರಿಯ, ಆಯಾ ಬಾಬ್ತಿನ ಪುಟಕ್ಕೆ ಹಾಕುವುದು ಖತಾವಣಿ. ಪ್ರವಾಸದ ಕಿರ್ದಿ ಜೇಬಿನಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್ಕು. ಅದಕ್ಕೆ ಪೆನ್ಸಿಲ್ ಕಟ್ಟಿರುತ್ತೇನೆ, ಏಕೆಂದರೆ ಹಲವು ಜೆಲ್ ಪೆನ್ನುಗಳ ಶಾಯಿ ಒಂದು ಹನಿ ನೀರಿಗೆ ಹರಡಿಬಿಡುತ್ತದೆ. ಅದರಲ್ಲಿ ಸಮಯ, ಸ್ಥಳ, ಖರ್ಚು, ಪಕ್ಕದಲ್ಲಿ ನಾಲ್ಕೈದು ಪದಗಳು, ಅಷ್ಟೇ. ‘ಅದ್ಭುತ’, ‘ಮನಮೋಹಕ’ ಎಂಬಂಥ ಪದಗಳನ್ನು ನನಗೆ ನಾನೇ ನಿಷೇಧಿಸಿಕೊಂಡಿದ್ದೇನೆ. ಮೂರು ವರ್ಷ ಬಿಟ್ಟು ಓದಿದಾಗ ಅವು ಏನನ್ನೂ ಹೇಳುವುದಿಲ್ಲ. ‘ಮೆಟ್ಟಿಲು ಸುಡುತ್ತಿತ್ತು’ ಎಂದು ಬರೆದರೆ ಅಂಗಾಲೇ ನೆನಪಿಸಿಕೊಳ್ಳುತ್ತದೆ.

ಖತಾವಣಿ ಮನೆಯಲ್ಲಿರುವ ದೊಡ್ಡ ಪುಸ್ತಕ. ದೀಪಾವಳಿಯಲ್ಲಿ ಅಂಗಡಿಗಳವರು ಪೂಜೆಗೆ ಇಡುತ್ತಾರಲ್ಲ, ಕೆಂಪು ಬಟ್ಟೆಯ ರಟ್ಟಿನ ಆ ಉದ್ದನೆಯ ಪುಸ್ತಕವೇ. ಊರು ತಲುಪಿದ ಮೂರು ರಾತ್ರಿಗಳೊಳಗೆ ಕಿರ್ದಿಯಿಂದ ಇದಕ್ಕೆ ಎತ್ತಿ ಬರೆಯಲೇಬೇಕು ಎಂಬುದೊಂದೇ ನನ್ನ ಕಟ್ಟುನಿಟ್ಟಿನ ನಿಯಮ. ವಾರ ಕಳೆದರೆ ನಾಲ್ಕು ಪದಗಳ ಹಿಂದಿದ್ದ ಸಂಗತಿ ಮಸುಕಾಗಿ, ‘ಕಾಕಾ, ಕೊಡೆ, ನಗು’ ಎಂಬ ನಮೂದಿನ ಕಾಕಾ ಯಾರು, ನಕ್ಕವರು ಯಾರು ಎಂದು ತಿಳಿಯದಾಗುತ್ತದೆ. ಇದು ನನಗೆ ನಿಜವಾಗಿಯೂ ಆದ ಅನುಭವ. ಆ ಕಾಕಾ ಇಂದಿಗೂ ಪತ್ತೆಯಾಗಿಲ್ಲ.

ಖತಾವಣಿಯಲ್ಲಿ ಊರಿಗೊಂದು ಪುಟವಿಲ್ಲ. ಬಾಬ್ತಿಗೊಂದು ಪುಟವಿದೆ: ನೀರು, ಧ್ವನಿ, ಅಕ್ಷರ, ಊಟ, ಕೊಂಡ ವಸ್ತು, ಬಾಕಿ. ಈ ವಿಂಗಡಣೆಯಿಂದಾಗಿ ಬೇರೆ ಬೇರೆ ವರ್ಷಗಳ ಪ್ರವಾಸಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ನೀರಿನ ಖಾತೆಯನ್ನೇ ನೋಡಿದರೆ, ಬೀದರಿನ ಝರಣಿ ನರಸಿಂಹನ ಗುಹೆ, ನೌಬಾದಿನ ಕರೇಜ್, ಗಾಣಗಾಪುರದಲ್ಲಿ ಭೀಮಾ–ಅಮರಜಾ ಸಂಗಮ, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿಯುವ ಕಾಗಿಣಾ, ಎಲ್ಲವೂ ಎರಡು ಪುಟಗಳಲ್ಲಿವೆ. ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು, ಮೇಲೆ ಬಾವಲಿಗಳು. ಫೋನನ್ನು ಹೊರಗೆ ಹೆಂಡತಿಯ ಕೈಯಲ್ಲಿ ಕೊಟ್ಟು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ. ‘ಅಪ್ಪಾ, ಗುಡಿಯೊಳಗ ಇಷ್ಟ್ ನೀರ್ ಯಾಕ ನಿಂತದ?’ ಎಂದು ಅವಳು ಕಿವಿಯಲ್ಲಿ ಕೇಳಿದ ಮಾತನ್ನು ಹೊರಗೆ ಬಂದು ಮೈ ಒರೆಸಿಕೊಂಡೊಡನೆ ಬರೆದಿಟ್ಟೆ. ಆ ಕ್ಷಣದ ಚಿತ್ರ ನನ್ನಲ್ಲಿ ಇಲ್ಲ, ಎಂದೂ ಇರಲಿಲ್ಲ. ಆದರೂ ಆ ಪ್ರವಾಸದಲ್ಲಿ ನನಗೆ ಅತ್ಯಂತ ನಿಚ್ಚಳವಾಗಿ ಉಳಿದಿರುವುದು ಅದೇ. ಇನ್ನು ಕರೇಜ್ ಎಂದರೆ ನೆಲದಡಿಯಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ಬಿಟ್ಟು, ಇಳಿಜಾರಿನ ಬಲದಿಂದಲೇ ನೀರನ್ನು ಹರಿಸುವ ಬಹಮನಿ ಕಾಲದ ವ್ಯವಸ್ಥೆ. ಪರ್ಷಿಯಾದಿಂದ ಬಂದ ವಿದ್ಯೆ. ಕಿಂಡಿಯ ಬಳಿ ಬಗ್ಗಿ ನಿಂತಾಗ ಕೆಳಗಿನಿಂದ ಬಂದ ತಂಪನ್ನು ಯಾವ ಕ್ಯಾಮೆರಾ ಹಿಡಿದೀತು?

ಧ್ವನಿಯ ಖಾತೆಗೆ ಪುಟಕ್ಕಿಂತ ಫೋನೇ ಆಧಾರ. ಪ್ರತಿ ಊರಿನಲ್ಲೂ ಒಂದೇ ಒಂದು ನಿಮಿಷ ಧ್ವನಿಮುದ್ರಣ ಮಾಡುತ್ತೇನೆ. ಆರಂಭದಲ್ಲಿ ಸ್ಥಳ, ದಿನಾಂಕ, ಸಮಯವನ್ನು ನಾನೇ ಹೇಳಿ, ಬಳಿಕ ಸುಮ್ಮನಾಗುತ್ತೇನೆ. ಕಡತಕ್ಕೆ ಹೆಸರಿಡುವಾಗ ಮೊದಲು ವರ್ಷ, ನಂತರ ತಿಂಗಳು, ಕೊನೆಗೆ ದಿನ, ಆಮೇಲೆ ಊರು. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ನಮ್ಮೂರ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನಾನು ಮೂವತ್ತು ಸಲವಾದರೂ ನೋಡಿರಬೇಕು. 1367ರ ಆ ಕಟ್ಟಡದ ವಿಶೇಷವೆಂದರೆ ನಡುವೆ ಬಯಲು ಅಂಗಳವಿಲ್ಲದೆ ಇಡೀ ಮಸೀದಿಗೆ ಗುಮ್ಮಟಗಳ ಚಾವಣಿ ಇರುವುದು. ಇದನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಆದರೆ ಮುದ್ರಿಸಿದ ಒಂದು ನಿಮಿಷವನ್ನು ರಾತ್ರಿ ಹಾಸಿಗೆಯಲ್ಲಿ ಕೇಳಿದಾಗಲೇ, ಪಾರಿವಾಳವೊಂದು ರೆಕ್ಕೆ ಬಡಿದ ಸದ್ದು ಅಗಲವಾದ ಕಮಾನುಗಳ ಕೆಳಗೆ ಹೇಗೆ ತಿರುಗಿ ತಿರುಗಿ ಬರುತ್ತದೆಂಬುದು ನನ್ನ ಗಮನಕ್ಕೆ ಬಂದದ್ದು. ಪ್ರವಾಸವೆಂದರೆ ದೂರವೇ ಹೋಗಬೇಕೆಂದಿಲ್ಲ ಎಂಬ ಮಾತನ್ನು ಇಲ್ಲಿಯೇ ಸೇರಿಸಿಬಿಡುತ್ತೇನೆ. ಈ ಕಡತಗಳು ಈಗ ಎರಡು ಕಡೆ ಇವೆ: ಮನೆಯ ಹಾರ್ಡ್ ಡಿಸ್ಕ್ ಒಂದು, ತಂಗಿಯ ಮನೆಯಲ್ಲಿಟ್ಟ ಪೆನ್‌ಡ್ರೈವ್ ಇನ್ನೊಂದು.

ಅಕ್ಷರದ ಖಾತೆ ನನ್ನ ಕೈಗೆ ಚಿತ್ರಕಲೆ ಬಾರದ ಕಾರಣ ಹುಟ್ಟಿದ್ದು. ಹೋದಲ್ಲೆಲ್ಲ ಯಾವುದಾದರೊಂದು ಬರಹವನ್ನು, ಅದು ಶಾಸನವಾಗಲಿ, ಅಂಗಡಿಯ ಫಲಕವಾಗಲಿ, ಕಣ್ಣಿನಿಂದ ನೋಡಿಯೇ ಪೆನ್ಸಿಲ್ಲಿನಲ್ಲಿ ನಕಲು ಮಾಡುತ್ತೇನೆ. ಸನ್ನತಿಯ ಸಮೀಪದ ಬೌದ್ಧ ನೆಲೆಯಾದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೇ ಇದೆ: ‘ರಾಯ ಅಸೋಕೋ’. ಬ್ರಾಹ್ಮಿಯ ‘ಕ’ ಅಕ್ಷರ ಥೇಟು ನಾವು ಕೂಡಿಸಲು ಬಳಸುವ ಚಿಹ್ನೆಯಂತಿದೆ. ದಿನಕ್ಕೆ ನೂರು ಸಲ ನಾನು ಹಾಕುವ ಗುರುತನ್ನೇ ಭೀಮೆಯ ದಂಡೆಯಲ್ಲಿ ಅಷ್ಟು ಹಿಂದೆ ಯಾರೋ ಕಲ್ಲಿನಲ್ಲಿ ಕೊರೆದಿದ್ದಾರೆಂದು ತಿಳಿದಾಗ ಆದ ಸಂತೋಷವನ್ನು ನನ್ನ ಜೊತೆ ಬಂದವರಿಗೆ ವಿವರಿಸಲು ಆಗಲಿಲ್ಲ. ನಾಲ್ಕೈದು ಅಕ್ಷರ ನಕಲು ಮಾಡಲು ಹತ್ತು ನಿಮಿಷ ಬೇಕು, ಆ ಹತ್ತು ನಿಮಿಷ ಕಲ್ಲನ್ನು ನೋಡದೆ ಗತ್ಯಂತರವಿಲ್ಲ, ಲಾಭವಿರುವುದು ಅಲ್ಲೇ. ಕಾಗದವನ್ನು ಶಾಸನದ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವವರನ್ನು ಕಂಡಿದ್ದೇನೆ. ಸಂರಕ್ಷಿತ ಸ್ಮಾರಕಗಳಲ್ಲಿ ಅದನ್ನು ಮಾಡಕೂಡದು. ಕಲ್ಲಿನ ಚೂರನ್ನು ನೆನಪಿಗೆಂದು ಜೇಬಿಗೆ ಹಾಕುವುದಂತೂ ಕಳ್ಳತನ.

ಕಾಗದಗಳ ವಿಷಯದಲ್ಲಿ ನಾನು ಕಲಿತದ್ದೆಲ್ಲ ಕೆಡಿಸಿಕೊಂಡೇ. ಬಸ್ಸಿನಲ್ಲಿ ಯಂತ್ರದಿಂದ ಹರಿದು ಕೊಡುವ ಟಿಕೆಟುಗಳನ್ನು ಮೂರು ವರ್ಷ ಪ್ರೀತಿಯಿಂದ ಪ್ಲಾಸ್ಟಿಕ್ ಲಕೋಟೆಗಳಲ್ಲಿ ಕೂಡಿಸಿಟ್ಟಿದ್ದೆ. ಒಂದು ಮೇ ತಿಂಗಳು ತೆರೆದು ನೋಡಿದರೆ ಎಲ್ಲವೂ ಬಿಳಿ ಹಾಳೆ. ಆ ಕಾಗದದಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿಗೆ ಕಪ್ಪಾಗುವ ಲೇಪನವಿರುತ್ತದೆ. ಬೆಳಕು, ಶಾಖ, ಅಂಟು ಮತ್ತು ಕೆಲವು ಬಗೆಯ ಪ್ಲಾಸ್ಟಿಕ್ಕಿನ ಸಂಪರ್ಕದಿಂದ ಆ ಬರಹ ಅಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಕೇಳಬೇಕೆ? ಈಗ ಟಿಕೆಟ್ ಸಿಕ್ಕ ವಾರದಲ್ಲೇ ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸುತ್ತೇನೆ. ಅಂಟಿನ ಹಾಳೆಯ ಮೇಲೆ ಪಾರದರ್ಶಕ ಹೊದಿಕೆಯಿರುವ ಆಲ್ಬಮ್ಮುಗಳನ್ನೂ ಬಿಟ್ಟಿದ್ದೇನೆ. ಅವುಗಳ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೊವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಬದಲಿಗೆ ಕಾಗದದ ಮೂಲೆಗಳನ್ನು ಮಡಚಿ, ಅವನ್ನಷ್ಟೇ ಪುಟಕ್ಕೆ ಮೈದಾ ಸರಿಯಿಂದ ಅಂಟಿಸಿ, ಫೋಟೊವನ್ನು ಅದರೊಳಗೆ ಸಿಕ್ಕಿಸುತ್ತೇನೆ. ಹುಳ ಬೀಳದಿರಲೆಂದು ಸರಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು ಬೈಂಡಿಂಗ್ ಮಾಡುವವರ ಹಳೆಯ ರೂಢಿ. ಅದು ವಿಷವಾದ್ದರಿಂದ ಅಡುಗೆಮನೆಯ ಪಾತ್ರೆಯಲ್ಲಿ ಕಲಸಬಾರದು, ಮಕ್ಕಳ ಕೈಗೆ ಸಿಗಬಾರದು. ಫೋಟೊದ ಬೆನ್ನಿಗೆ ಬಾಲ್‌ಪೆನ್ನಿನಿಂದ ಬರೆದರೆ ಮುಂಭಾಗದಲ್ಲಿ ಉಬ್ಬು ಗೆರೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ಲೇ ಲೇಸು. ಒಂದು ಪ್ರವಾಸಕ್ಕೆ 36 ಚಿತ್ರಗಳಿಗಿಂತ ಹೆಚ್ಚು ಮುದ್ರಿಸುವುದಿಲ್ಲ. ರೀಲಿನ ಕಾಲದಲ್ಲಿ ಅಷ್ಟೇ ತಾನೆ ಇರುತ್ತಿದ್ದದ್ದು.

ಕೊಂಡ ವಸ್ತುಗಳ ಬಗ್ಗೆ ಹೆಚ್ಚು ಹೇಳಲಾರೆ, ಬೀದರಿನ ಒಂದು ಬಿದರಿ ಗುಂಡಿಯ ಹೊರತು. ಸತು ಮತ್ತು ಸ್ವಲ್ಪ ತಾಮ್ರದ ಎರಕದಲ್ಲಿ ಬೆಳ್ಳಿ ತಂತಿ ಕೂರಿಸಿದ ಮೇಲೂ ಎಲ್ಲವೂ ಬೂದುಬಣ್ಣವಾಗಿಯೇ ಇರುತ್ತದೆ. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿ ತೆಗೆದಾಗ ಲೋಹ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳಗುತ್ತದೆ. ಈ ಬದಲಾವಣೆಯನ್ನು ಕಾರ್ಖಾನೆಯಲ್ಲಿ ನಿಂತು ನೋಡಿದ ಮೇಲೆಯೇ ಆ ಗುಂಡಿಯನ್ನು ಕೊಂಡೆ. ನೋಡಿದ್ದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಟ್ಟಿದ್ದೇನೆ. ಚೀಟಿಯಿಲ್ಲದ ವಸ್ತು ಹತ್ತು ವರ್ಷದಲ್ಲಿ ಕಪಾಟಿನ ಧೂಳಿಗೆ ಜಾಗವಾಗುತ್ತದೆ, ನಮ್ಮ ಮನೆಯ ಚಿಪ್ಪಿನ ಗಣಪತಿಯ ಹಾಗೆ. ಅದನ್ನು ಯಾರು ಎಲ್ಲಿಂದ ತಂದರೆಂದು ಈಗ ಯಾರಿಗೂ ಗೊತ್ತಿಲ್ಲ.

ಸುರಪುರಕ್ಕೆ ಹೋದಾಗ ಮಗಳಿಗಾಗಿ ಒಂದು ಹೊಸ ಪ್ರಯೋಗ ಮಾಡಿದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ನೋಡಿ ಗುಡ್ಡ ಇಳಿದು ಬಂದು, ಅಂಚೆ ಕಚೇರಿಯಲ್ಲಿ ಮೂರು ಕಾರ್ಡು ಕೊಂಡು, ಮೂವರೂ ನಮ್ಮ ನಮ್ಮ ಹೆಸರಿಗೆ ಕಲಬುರಗಿಯ ಮನೆಯ ವಿಳಾಸಕ್ಕೆ ಬರೆದೆವು. ‘ಮುದ್ರೆ ಸ್ವಲ್ಪ ನಿಚ್ಚಳ ಹಾಕ್ರಿ ಸರ್’ ಎಂದು ಕೇಳಿಕೊಂಡೆ. ನಾವು ಮನೆ ಸೇರಿ, ಕೆಲಸ ಶಾಲೆಗಳಲ್ಲಿ ಮುಳುಗಿ ಪ್ರವಾಸವನ್ನು ಮರೆತೇಬಿಟ್ಟ ಹೊತ್ತಿಗೆ, ಊರಿನ ಹೆಸರೂ ದಿನಾಂಕವೂ ಇರುವ ಅಂಚೆಮುದ್ರೆ ಹೊತ್ತ ಕಾರ್ಡುಗಳು ಒಂದೊಂದಾಗಿ ಬಂದವು. ಮೂರರಲ್ಲೂ ಅದೇ ದಿನದ ವರ್ಣನೆ, ಮೂರೂ ಬೇರೆ. ಗುಡ್ಡದ ಮೇಲೆ ಗಾಳಿ ಹಿತವಾಗಿತ್ತೆಂದು ನಾನು ಬರೆದಿದ್ದರೆ, ಕಣ್ಣಿಗೆ ಮಣ್ಣು ಬಿದ್ದು ಏನೂ ಕಾಣಲಿಲ್ಲವೆಂದು ಹೆಂಡತಿ ಬರೆದಿದ್ದಳು.

ಇದನ್ನು ಕಂಡ ಮೇಲೆ ಖತಾವಣಿಯಲ್ಲೂ ಒಂದು ತಿದ್ದುಪಡಿ ಮಾಡಿಕೊಂಡೆ. ಲೆಕ್ಕದಲ್ಲಿ ಪ್ರತಿ ವ್ಯವಹಾರಕ್ಕೂ ಎರಡು ಬದಿಗಳಿರುತ್ತವೆ, ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಅಂತೆಯೇ ಎಡ ಪುಟದಲ್ಲಿ ನಾನು ಬರೆದರೆ, ಬಲ ಪುಟ ಹೆಂಡತಿಯದು. ಹೊಂದಿಕೆಯಾಗದಿದ್ದರೆ ಹಾಗೆಯೇ ಬಿಡುತ್ತೇವೆ. ಮಿಲ್ಲಿನ ಪುಸ್ತಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ನಿದ್ದೆ ಬಾರದ ನನಗೆ ಇದು ಮೊದಮೊದಲು ಬಹಳ ಕಷ್ಟವಾಯಿತು. ಗಾಣಗಾಪುರದ ಬಸ್ ನಿಲ್ದಾಣದಲ್ಲಿ ದಾರಿ ತಪ್ಪಿಸಿಕೊಂಡವರು ಯಾರು ಎಂಬ ಬಗ್ಗೆ ಇಂದಿಗೂ ಎರಡು ನಮೂದುಗಳಿವೆ.

ಕೊನೆಯ ಪುಟಗಳು ಬಾಕಿ ಖಾತೆಗೆ ಮೀಸಲು: ಹೋಗಿಯೂ ನೋಡದೆ ಬಂದದ್ದು, ಕೇಳಬೇಕೆಂದು ಮರೆತದ್ದು, ಬಾಗಿಲು ಹಾಕಿದ್ದರಿಂದ ತಪ್ಪಿದ್ದು. ಯಾದಗಿರಿ ಜಿಲ್ಲೆಯ ಪುಟದಲ್ಲಿ ಸದ್ಯ ಒಂದೇ ಸಾಲಿದೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುವ ಬೋನಾಳ ಕೆರೆಗೆ ನಾವು ಸುಡು ಏಪ್ರಿಲಿನಲ್ಲಿ ಹೋಗಿ, ಬರಿಗೈಯಲ್ಲಿ ಬಂದಿದ್ದೆವು. ಆ ಸಾಲನ್ನು ಬರೆದವಳು ಮಗಳು: ‘ಬೋನಾಳ, ಹಕ್ಕಿ, ಬಾಕಿ. ಜನವರಿಯಲ್ಲಿ. ದುರ್ಬೀನು ತರುವುದು ಅಪ್ಪನ ಲೆಕ್ಕಕ್ಕೆ.’